ಜೂರಿ ಬಿಡುಗಡೆ ಮಾಡಿದ ಮೇಲೂ ಶಿಕ್ಷೆಯಾದದ್ದು ಹೇಗೆ? ನ್ಯಾಯಾಲಯ ಚಿತ್ರವೊಂದರ ತಪ್ಪುಗಳನ್ನು ಗುರುತಿಸುವಾಗ ಬರೆದ ಟಿಪ್ಪಣಿ

ತುಮಕೂರಿನಲ್ಲಿ ಕಾನೂನು ಓದುತ್ತಿರುವ ನಾವು ನಾಲ್ವರು 2016ರ ಹಿಂದಿ ಚಿತ್ರ ‘ರುಸ್ತುಂ’ ಅನ್ನು, ಅದಕ್ಕೆ ಪ್ರೇರಣೆಯಾದ ನಾನಾವತಿ ಪ್ರಕರಣದ ತೀರ್ಪಿನೊಡನೆ ಹೋಲಿಸಿ ನೋಡಿದೆವು. ನೌಕಾಪಡೆಯ ಅಧಿಕಾರಿ ನಾನಾವತಿಯವರು 1959ರಲ್ಲಿ ಮುಂಬೈನಲ್ಲಿ ತಮ್ಮ ಪತ್ನಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ಪ್ರಕರಣವದು. ನನ್ನನ್ನು ಎರಡು ದಿನ ಕಾಡಿದ ಒಂದು ಗಂಟು ಈಗಷ್ಟೇ ಬಿಡಿಸಿಕೊಂಡಿರುವುದರಿಂದ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಚಿತ್ರವು ತನ್ನದೇ ಹಿಂದಿನ ದೃಶ್ಯಕ್ಕೆ ವಿರುದ್ಧವಾದರೆ ಅದು ಕಂಟಿನ್ಯುಟಿ ತಪ್ಪು. ಇತಿಹಾಸಕ್ಕೆ ವಿರುದ್ಧವಾದರೆ ಸಂಗತಿಯ ತಪ್ಪು. ಮೊದಲನೆಯದಕ್ಕೆ ಕಣ್ಣು ಸಾಕು, ಎರಡನೆಯದಕ್ಕೆ ಇಸವಿ ಬೇಕು. 1959ರ ಕಥೆಯಲ್ಲಿ ಮುಂಬೈನ ಕಚೇರಿಯ ಫಲಕದ ಮೇಲೆ ಮಹಾರಾಷ್ಟ್ರ ಸರ್ಕಾರವೆಂದಿದ್ದರೆ ತಪ್ಪು, ಏಕೆಂದರೆ ಆ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು. ಅದೇ ವರ್ಷದ ಕಥೆ ನಮ್ಮ ತುಮಕೂರಿನಲ್ಲಿ ನಡೆದರೆ ಫಲಕದಲ್ಲಿ ಮೈಸೂರು ಎಂದೇ ಇರಬೇಕು. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ತಪ್ಪು ಹುಡುಕುವವರೂ ಇಲ್ಲಿ ಎಡವುತ್ತಾರೆ. ಪ್ರಮಾಣವಚನದ ದೃಶ್ಯವನ್ನು 1969ರ ಪ್ರಮಾಣವಚನ ಅಧಿನಿಯಮದಿಂದ ಅಳೆಯಲು ಗೆಳೆಯರೊಬ್ಬರು ಹೊರಟಿದ್ದರು. ಆ ಕಾಯಿದೆ ಘಟನೆಗಿಂತ ಹತ್ತು ವರ್ಷ ಈಚಿನದು.

ಇನ್ನು ನನ್ನನ್ನು ತಡೆದ ವಿಷಯ. ಚಿತ್ರದ ಕೊನೆಯಲ್ಲಿ ಜೂರಿ, ಅಂದರೆ ಅಭಿಪ್ರಾಯ ಹೇಳಲು ಆರಿಸಿದ ಸಾಮಾನ್ಯ ಜನರ ತಂಡ, ನಾಯಕನನ್ನು ನಿರಪರಾಧಿ ಎನ್ನುತ್ತದೆ. ವಾಸ್ತವದಲ್ಲಿ ನಾನಾವತಿಯವರಿಗೆ ಜೀವಾವಧಿ ಶಿಕ್ಷೆಯಾಯಿತೆಂದು ಓದಿದ್ದ ನಾನು, ಇದನ್ನು ಸಂಗತಿಯ ತಪ್ಪೆಂದು ಬರೆದುಕೊಂಡೆ. ಅದು ಸರಿಯಲ್ಲ. ಒಂಬತ್ತು ಜನರ ಜೂರಿ ಎಂಟು-ಒಂದರ ಬಹುಮತದಿಂದ ಅವರು ನಿರಪರಾಧಿ ಎಂದೇ ಹೇಳಿತ್ತು. ಹಾಗಾದರೆ ಶಿಕ್ಷೆ ಎಲ್ಲಿಂದ ಬಂತು? ಉತ್ತರ ಆಗ ಜಾರಿಯಲ್ಲಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 307ರಲ್ಲಿದೆ. ಜೂರಿಯ ಅಭಿಪ್ರಾಯವನ್ನು ಒಪ್ಪದ ಸೆಷನ್ಸ್ ನ್ಯಾಯಾಧೀಶರು, ನ್ಯಾಯದ ಉದ್ದೇಶಕ್ಕೆ ಅಗತ್ಯವೆಂದು ಸ್ಪಷ್ಟವಾಗಿ ಕಂಡರೆ, ಕಾರಣಗಳನ್ನು ದಾಖಲಿಸಿ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಬಹುದಿತ್ತು. ಇದು ಸರ್ಕಾರದ ಮೇಲ್ಮನವಿಯಲ್ಲ. ವಿಚಾರಣೆ ನಡೆಸಿದ ನ್ಯಾಯಾಧೀಶರೇ ಕಳುಹಿಸುತ್ತಿದ್ದ ಉಲ್ಲೇಖ. ಹಾಗೆ ಒಪ್ಪಿಸಿದಾಗ ಜೂರಿಯ ಮಾತು ಅಂತಿಮ ತೀರ್ಪಾಗುತ್ತಲೇ ಇರಲಿಲ್ಲ. ಹೈಕೋರ್ಟು ಇಡೀ ಸಾಕ್ಷ್ಯವನ್ನು ತಾನೇ ಪರಿಶೀಲಿಸಿ, ಜೂರಿ ಮತ್ತು ನ್ಯಾಯಾಧೀಶ ಇಬ್ಬರ ಅಭಿಪ್ರಾಯಕ್ಕೂ ತಕ್ಕ ತೂಕ ಕೊಟ್ಟು ನಿರ್ಣಯಿಸಬೇಕಿತ್ತು. ಬಾಂಬೆ ಹೈಕೋರ್ಟು 1960ರ ಮಾರ್ಚ್ 11ರಂದು ಕೊಲೆಯ ಅಪರಾಧ ಸಾಬೀತಾಗಿದೆಯೆಂದಿತು. ಸುಪ್ರೀಂ ಕೋರ್ಟು 1961ರ ನವೆಂಬರ್ 24ರಂದು ಅದನ್ನು ಎತ್ತಿಹಿಡಿಯಿತು.

ಆದ್ದರಿಂದ ಚಿತ್ರ ಹೇಳಿದ್ದು ಸುಳ್ಳಲ್ಲ, ಕಥೆಯನ್ನು ಮುಗಿಸಿದ ಜಾಗ ತಪ್ಪು. ಸಮವಸ್ತ್ರದ ಮೇಲೆ ಪದಕವೊಂದು ತಪ್ಪಾಗಿರುವುದಕ್ಕಿಂತ ಇದನ್ನು ನಾನು ಗಂಭೀರವಾಗಿ ಎಣಿಸುತ್ತೇನೆ, ಏಕೆಂದರೆ ನೋಡುಗನು ಜೂರಿಯ ಮಾತೇ ಕೊನೆಯದೆಂದು ನಂಬಿ ಎದ್ದುಹೋಗುತ್ತಾನೆ. ಹೇಗೂ 1964ರಲ್ಲಿ ಅವರ ಬಿಡುಗಡೆಯಾಯಿತಲ್ಲ ಎಂಬ ವಾದವೂ ನಮ್ಮಲ್ಲಿ ಬಂತು. ಅದು ರಾಜ್ಯಪಾಲರು ನೀಡಿದ ಕ್ಷಮಾದಾನ. ಕ್ಷಮೆಗೂ ನಿರಪರಾಧಿ ಎಂಬ ತೀರ್ಪಿಗೂ ಕಾನೂನಿನಲ್ಲಿ ಬಹಳ ಅಂತರವಿದೆ.

ಕಂಟಿನ್ಯುಟಿ ಅಭ್ಯಾಸಕ್ಕೆ ಈ ತೀರ್ಪೇ ಒಳ್ಳೆಯ ಪಠ್ಯ. ಗುಂಡು ಹಾರಿದ್ದು ಇಬ್ಬರ ನಡುವಿನ ಹೊಯ್ದಾಟದಲ್ಲಿ, ಆಕಸ್ಮಿಕವಾಗಿ ಎಂಬುದು ಆರೋಪಿಯ ವಾದ. ಸ್ನಾನ ಮುಗಿಸಿ ಬಂದಿದ್ದ ಮೃತನ ಮೈಮೇಲಿನ ಟವೆಲ್ ಮಾತ್ರ ಸುತ್ತಿದಂತೆಯೇ ಇತ್ತು. ಹೊಯ್ದಾಟ ನಿಜವಾಗಿದ್ದರೆ ಅದು ಸಡಿಲವಾಗಬೇಕಿತ್ತು. ಗಡಿಯಾರದ ಲೆಕ್ಕವೂ ಹಾಗೆಯೇ: ಆರೋಪಿ ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ, ಗುಂಡು ಹಾರಿದ್ದು 4.20ಕ್ಕೆ. ನಡುವೆ ಪತ್ನಿ ಮತ್ತು ಮಕ್ಕಳನ್ನು ಸಿನಿಮಾ ಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದದ್ದೂ ಸೇರಿದೆ. ಹಠಾತ್ ಮತ್ತು ಗಂಭೀರ ಪ್ರಚೋದನೆಯಿಂದ ಕೊಂದರೆ ಅದನ್ನು ಕೊಲೆಗಿಂತ ಕಡಿಮೆ ಅಪರಾಧವೆಂದು ಎಣಿಸುವ ವಿನಾಯಿತಿಗೆ ಅಷ್ಟು ಹೊತ್ತು ಅಡ್ಡಬಂತು; ಮನಸ್ಸು ಹತೋಟಿಗೆ ಬರಲು ಸಾಕಷ್ಟು ಸಮಯವಿತ್ತೆಂದು ಸುಪ್ರೀಂ ಕೋರ್ಟು ಹೇಳಿತು. ಇಂಥ ಚಿತ್ರ ನೋಡುವಾಗ ಪ್ರತಿ ದೃಶ್ಯದ ಗಂಟೆಯನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿರಿ. ಆ ಸುಮಾರು ಮೂರು ಗಂಟೆಯನ್ನು ಚಿತ್ರ ಎಷ್ಟು ನಿಮಿಷಕ್ಕೆ ಇಳಿಸಿದೆ ಎಂಬುದು ಆಗ ಕಾಣುತ್ತದೆ.