ಸಿ ರಿಪೋರ್ಟ್ ಕಾಗದವನ್ನು ಒಲೆಗೆ ಹಾಕಬೇಡಿ

ಕೆಲವು ವರ್ಷದ ಹಿಂದೆ ಬಂಟ್ವಾಳ ಕಡೆಯ ಒಬ್ಬರು ಹೆಂಗಸು ನನ್ನ ಆಫೀಸಿಗೆ ಬಂದಿದ್ದರು. ಬಂದದ್ದು ಜಾಗದ ಕೆಲಸಕ್ಕೆ. ತೀರಿಕೊಂಡ ಗಂಡನ ಹೆಸರಿನಲ್ಲಿದ್ದ ಐದು ಸೆಂಟ್ಸ್ ಜಾಗ ತಮ್ಮ ಹೆಸರಿಗೆ ಆಗಬೇಕಿತ್ತು. ಮರಣ ಪ್ರಮಾಣಪತ್ರ ಕೇಳಿದೆ. ಚೀಲದಿಂದ ಬೀಡಿ ಪಾಸ್‌ಬುಕ್ ತೆಗೆದರು. ಅದರೊಳಗೆ ಪ್ರಮಾಣಪತ್ರ ಇತ್ತು, ಜೊತೆಗೆ ನಾಲ್ಕು ಮಡಿಕೆಯ ಇನ್ನೊಂದು ಕಾಗದ. ಮಡಿಕೆಯ ಜಾಗದಲ್ಲಿ ಹರಿದಿತ್ತು. ಹೊಗೆಸೊಪ್ಪಿನ ವಾಸನೆ ಹಿಡಿದಿತ್ತು.

"ಇದು ಬೇಡ ಅಲ್ವಾ ವಕೀಲರೇ? ಇದು ಕೇಸು ಮುಗಿದ ಕಾಗದ. ಒಲೆಗೆ ಹಾಕುವಾ ಅಂತ ಎಷ್ಟು ಸಲ ಎಣಿಸಿದೆ" ಅಂದರು.

ಬಿಡಿಸಿ ಓದಿದೆ. ಪೊಲೀಸ್ ಠಾಣೆಯ ನೋಟಿಸು. ಗಂಡನ ಕೊಲೆ ಕೇಸಿನಲ್ಲಿ ಆರೋಪಿಗಳು ಪತ್ತೆಯಾಗಿಲ್ಲ, ಹಾಗಾಗಿ ಕೋರ್ಟಿಗೆ ಸಿ ರಿಪೋರ್ಟ್ ಸಲ್ಲಿಸಿದ್ದೇವೆ ಅಂತ ಬರೆದಿತ್ತು.

ಆ ಮನುಷ್ಯ ಯಾವ ಪಕ್ಷದ ಲೀಡರೂ ಅಲ್ಲ, ಯಾವ ಸಂಘಟನೆಯಲ್ಲೂ ಇರಲಿಲ್ಲ. ಊರಿನಲ್ಲಿ ಗಲಾಟೆ ನಡೆದು, ಸಂಜೆಗೇ ಅಂಗಡಿ ಬಾಗಿಲು ಹಾಕುತ್ತಿದ್ದ ದಿನಗಳು. ಕೆಲಸ ಮುಗಿಸಿ ನಡೆದು ಮನೆಗೆ ಬರುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಹೆಸರು ಕೇಳಿದರು. ಇವರು ಹೇಳಿದರು. ಅಷ್ಟೇ. ಆ ಹೆಸರು ಯಾವ ಕಡೆಯದು ಅಂತ ನಾನಿಲ್ಲಿ ಬರೆಯುವುದಿಲ್ಲ. ಎರಡೂ ಕಡೆಯ ಮನೆಗಳ ಇಂಥ ಕಾಗದಗಳು ನನ್ನ ಕಪಾಟಿನಲ್ಲಿ ಒಂದರ ಪಕ್ಕ ಒಂದು ಇವೆ.

ಆ ಹೆಂಗಸು ಒಲೆಗೆ ಹಾಕಬೇಕು ಅಂದುಕೊಂಡ ಕಾಗದವೇ ಸರ್ಕಾರದಿಂದ ಪರಿಹಾರ ಕೇಳುವ ಅವರ ಅರ್ಜಿಯ ಆಧಾರ. ಹತ್ತಾರು ವರ್ಷದಿಂದ ನಾನು ಹೇಳುತ್ತಾ ಬಂದಿರುವುದೂ ಇದನ್ನೇ. ಕೇಸು ಬೇರೆ, ಪರಿಹಾರ ಬೇರೆ. ಕೇಸು ನಿಂತರೂ ಪರಿಹಾರ ನಿಲ್ಲಬೇಕಾಗಿಲ್ಲ. ಪರಿಹಾರ ತೆಗೆದುಕೊಂಡರೂ ಕೇಸು ನಿಲ್ಲುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಮತ್ತೆ ತಪ್ಪಾಗಿಯೇ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಲ್ಲಿ 357ಎ ಅನ್ನುವ ಕಲಂ ಸೇರಿತು. 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಈಗ 396ನೇ ಕಲಂ. ಅದರ ನಾಲ್ಕು ಮತ್ತು ಐದನೇ ಉಪಕಲಂ ಹೇಳುವುದು ಇಷ್ಟು: ಅಪರಾಧಿ ಯಾರೆಂದು ಗೊತ್ತಾಗದೆ ವಿಚಾರಣೆಯೇ ನಡೆಯದಿದ್ದರೂ, ನೊಂದವರು ಯಾರೆಂದು ಗೊತ್ತಿದ್ದರೆ ಸಾಕು. ಅವರು, ಅವರಿಲ್ಲದಿದ್ದರೆ ಅವರನ್ನು ನಂಬಿಕೊಂಡಿದ್ದವರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಿಸಿ ಪರಿಹಾರ ಕೊಡಬೇಕು.

ಇನ್ನೊಮ್ಮೆ ಓದಿ. ಅಪರಾಧಿ ಸಿಗದಿದ್ದರೂ ಅಂತ ಬರೆದಿದೆ. ಸಿಗದಿದ್ದರೆ ಮಾತ್ರ ಸುಮ್ನೆ ಕೂತುಕೊಳ್ಳಿ ಅಂತ ಎಲ್ಲೂ ಬರೆದಿಲ್ಲ.

ಅಪರಾಧಿಗಳು ಸಿಕ್ಕಿ, ವಿಚಾರಣೆ ನಡೆದು, ಸಾಕ್ಷಿಗಳು ಉಲ್ಟಾ ಹೊಡೆದು, ಎಲ್ಲರೂ ಬಿಡುಗಡೆಯಾದರೆ? ನಮ್ಮ ಕಡೆಯ ಗಲಾಟೆ ಕೇಸುಗಳಲ್ಲಿ ಜಾಸ್ತಿ ಆಗುವುದು ಇದೇ. ಅದಕ್ಕೆ ಮೂರನೇ ಉಪಕಲಂ ಇದೆ. ಬಿಡುಗಡೆಯಾದ ಕೇಸಿನಲ್ಲೂ ನೊಂದವರಿಗೆ ಆಸರೆ ಬೇಕು ಅನಿಸಿದರೆ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆದರೆ ಅದನ್ನು ತೀರ್ಪಿನ ಮೊದಲೇ ಬಾಯಿಬಿಟ್ಟು ಕೇಳಬೇಕು. ಕೇಳುವವರೇ ಇಲ್ಲ. ಆರೋಪಿಗೆ ಅವನ ವಕೀಲರು ಇರುತ್ತಾರೆ, ಸರ್ಕಾರಕ್ಕೆ ಸರ್ಕಾರಿ ವಕೀಲರು ಇರುತ್ತಾರೆ. ಸತ್ತವನ ಅಮ್ಮ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಾರೆ.

ಅರ್ಜಿ ಹಾಕಿ ಅಂದ ಕೂಡಲೇ ನನಗೆ ಸಿಗುವ ಉತ್ತರ ಒಂದೇ. ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕೇಳಿಸಿಕೊಂಡಿದ್ದೇನೆ. ಆ ಹೆಂಗಸೂ ಅದನ್ನೇ ಅಂದರು: "ಎಂಕ್ ದುಡ್ಡು ಬೊಡ್ಚಿ." ನನಗೆ ದುಡ್ಡು ಬೇಡ. ರಕ್ತದ ದುಡ್ಡು ತಿಂದಳು ಅಂತ ಊರು ಹೇಳುತ್ತದೆ. ದುಡ್ಡು ತೆಗೆದುಕೊಂಡರೆ ರಾಜಿ ಆದ ಹಾಗೆ. ಕೇಸು ಸಡಿಲ ಆಗುತ್ತದೆ.

ಆ ನೋವಿಗೆ ನನ್ನ ಹತ್ತಿರ ಮಾತಿಲ್ಲ. ಆದರೆ ತಪ್ಪು ತಿಳುವಳಿಕೆಗೆ ಉತ್ತರ ಇದೆ. ರಾಜಿ ಅಂದರೆ ಕೊಂದವನ ಕೈಯಿಂದ ದುಡ್ಡು ಪಡೆದು ಬಾಯಿ ಮುಚ್ಚುವುದು. ಕೊಲೆ ಕೇಸನ್ನು ಹಾಗೆ ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವೇ ಇಲ್ಲ. 396ರ ದುಡ್ಡು ಕೊಂದವನದ್ದಲ್ಲ. ಅದು ರಾಜ್ಯ ಸರ್ಕಾರದ ನಿಧಿಯದ್ದು. ನಿನ್ನ ಗಂಡನನ್ನು ಕಾಯುವುದು ನನ್ನ ಕೆಲಸವಾಗಿತ್ತು, ಕಾಯಲು ಆಗಲಿಲ್ಲ ಅಂತ ಸರ್ಕಾರ ಒಪ್ಪಿಕೊಂಡು ಕೊಡುವ ದುಡ್ಡು ಅಂತ ನಾನು ಅವರಿಗೆ ಹೇಳಿದೆ. ಕಾನೂನಿನ ಭಾಷೆಯಲ್ಲಿ ಇದು ಪೂರ್ತಿ ಸರಿಯಲ್ಲ, ಗೊತ್ತು. ನಾನು ಅರ್ಥ ಮಾಡಿಕೊಂಡಿರುವುದು ಹಾಗೆಯೇ. ನಾಳೆ ಆ ಇಬ್ಬರು ಸಿಕ್ಕಿಬಿದ್ದರೆ ಪೊಲೀಸರು ಮತ್ತೆ ತನಿಖೆ ಮಾಡಬಹುದು, ಚಾರ್ಜ್‌ಶೀಟ್ ಹಾಕಬಹುದು. ಇವರು ಪರಿಹಾರ ಪಡೆದಿದ್ದಾರೆ ಅನ್ನುವ ಕಾರಣಕ್ಕೆ ಆರೋಪಿಗೆ ಒಂದು ದಿನದ ಶಿಕ್ಷೆಯೂ ಕಮ್ಮಿ ಆಗುವುದಿಲ್ಲ.

ಮೂರನೇ ಸಲ ಬಂದಾಗ ಒಪ್ಪಿದರು. ಬೀಡಿ ಬ್ರಾಂಚಿಗೆ ಹೋಗಿ, ಅಲ್ಲಿಂದ ಬಸ್ ಹತ್ತಿ ಬಂದಿದ್ದರು. ರಾಜ್ಯದ ಪರಿಹಾರ ಯೋಜನೆಯಲ್ಲಿ ಅರ್ಜಿಗೆ ಕಾಲಮಿತಿ ಇದೆ, ಅದು ತಿಂಗಳ ಲೆಕ್ಕದ್ದು. ಇವರದ್ದು ವರ್ಷಗಳೇ ದಾಟಿತ್ತು. ಯಾರೂ ತಿಳಿಸಿರಲಿಲ್ಲ ಅನ್ನುವ ಕಾರಣ ಬರೆದು ತಡವನ್ನು ಮನ್ನಿಸಲು ಕೇಳಿದೆವು. ಮನ್ನಿಸಿದರು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಹಾಗಾಗಿ ತಡ ಮಾಡಬೇಡಿ. ಬಂದದ್ದು ದೊಡ್ಡ ಮೊತ್ತ ಅಲ್ಲ. ಸೊಸೈಟಿಯ ಸಾಲ ತೀರಿತು, ಮಗಳು ಪಿಯುಸಿ ಬಿಡಲಿಲ್ಲ.

ಇಲ್ಲಿ ಮತ್ತೊಂದು ಗೊಂದಲ ಇದೆ. ಪರಿಹಾರ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ಮಂತ್ರಿಗಳು ಮನೆಗೆ ಬಂದು ಕೊಡುವ ಚೆಕ್ಕು. 2022ರ ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿ ಹತ್ತು ದಿನದೊಳಗೆ ಮೂರು ಮನೆಗಳ ಹುಡುಗರು ಹೋದರು. ಆಗಿನ ಸರ್ಕಾರ ಒಂದು ಮನೆಗೆ 25 ಲಕ್ಷ ಕೊಟ್ಟಿತು. ಉಳಿದ ಎರಡು ಮನೆಗಳು ಕಾದವು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅವರಿಗೂ 25 ಲಕ್ಷ ಬಂತು. ಕೊಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಯಾವ ಮನೆಗೂ ಅದು ಜಾಸ್ತಿ ಆಗಲಿಲ್ಲ. ಆದರೆ ಆ ದುಡ್ಡು ಬರುವುದು ಆಳುವವರ ಮನಸ್ಸಿನ ಮೇಲೆ ನಿಂತಿದೆ. ಕೊಡದಿದ್ದರೆ ಕೇಳುವ ಹಕ್ಕು ಇಲ್ಲ. 396ರ ಪರಿಹಾರ ಹಾಗಲ್ಲ. ಮೊತ್ತ ಚಿಕ್ಕದು, ಆದರೆ ಅದು ಕಾನೂನು. ಅರ್ಜಿ ಹಾಕಿದವರ ಹೆಸರು ನೋಡಿ ಕೊಡುವುದಲ್ಲ. ತಿರಸ್ಕರಿಸಿದರೆ ಕಾರಣ ಹೇಳಬೇಕು, ಮೇಲ್ಮನವಿಗೂ ದಾರಿ ಇದೆ.

ಕಾಲೇಜು ಹುಡುಗರು ಬಂದು, "ಸರ್, ಇಂಥ ಚಿಕ್ಕ ಕಲಂ ಸಾಕಾ? ಗಲಭೆ ಸಂತ್ರಸ್ತರಿಗೆ ಒಂದು ದೊಡ್ಡ ಕಾನೂನೇ ಬೇಕು" ಅನ್ನುತ್ತಾರೆ. ನಿಜ, ಬೇಕು. ಕೋಮು ಹಿಂಸೆ ತಡೆಯುವ, ನೊಂದವರಿಗೆ ಪುನರ್ವಸತಿ ಕೊಡುವ ಮಸೂದೆ 2005ರ ಡಿಸೆಂಬರಿನಲ್ಲಿ ರಾಜ್ಯಸಭೆಗೆ ಬಂದಿತ್ತು. 2011ರಲ್ಲಿ ಹೊಸ ಕರಡು ಬಂತು. 2014ರ ಫೆಬ್ರವರಿಯಲ್ಲಿ ಮಂಡಿಸಲೂ ಆಗದೆ ಬಿದ್ದುಹೋಯಿತು. 1984ರ ಸಿಖ್ ಹತ್ಯಾಕಾಂಡದ ಒಂದು ಕೇಸಿನಲ್ಲಿ ದೆಹಲಿ ಹೈಕೋರ್ಟು ಸಜ್ಜನ್ ಕುಮಾರ್ ಅವರಿಗೆ ಶಿಕ್ಷೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ. 34 ವರ್ಷ. ನರಮೇಧ, ಮಾನವತೆಯ ವಿರುದ್ಧದ ಅಪರಾಧ ನಮ್ಮ ಕಾನೂನಿನಲ್ಲೇ ಇಲ್ಲ, ಈ ಕೊರತೆ ಬೇಗ ತುಂಬಬೇಕು ಅಂತ ಆ ತೀರ್ಪಿನಲ್ಲಿ ಬರೆದರು. ಇನ್ನೂ ತುಂಬಿಲ್ಲ.

ದೊಡ್ಡ ಕಾನೂನು ಬಂದ ಕಡೆಯೂ ನೊಂದವರು ಕಾಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿದ ಮೇಲೆ 1995ರಲ್ಲಿ ಕಾಯ್ದೆ ಮಾಡಿ ಸತ್ಯ ಮತ್ತು ಸಾಮರಸ್ಯ ಆಯೋಗ ಸ್ಥಾಪಿಸಿದರು. ತಪ್ಪನ್ನು ಪೂರ್ತಿ ಒಪ್ಪಿಕೊಂಡವರಿಗೆ ಕ್ಷಮಾದಾನ ಇತ್ತು, ಅದು ಸಿಗುತ್ತಲೂ ಬಂತು. ನೊಂದವರಿಗೆ ಆರು ವರ್ಷ ವರ್ಷವರ್ಷವೂ ಹಣ ಕೊಡಿ ಅಂತ ಆಯೋಗ ಹೇಳಿತ್ತು. ಸರ್ಕಾರ 2003ರಲ್ಲಿ ಒಂದೇ ಸಲ 30,000 ರ‍್ಯಾಂಡ್ ಕೊಡುತ್ತೇವೆ ಅಂದಿತು.

ನಮ್ಮ ಚಿಕ್ಕ ಕಲಂ ಕೂಡ ಸುಲಭಕ್ಕೆ ಬಂದದ್ದಲ್ಲ. 1996ರಲ್ಲಿ ಕಾನೂನು ಆಯೋಗ ತನ್ನ 154ನೇ ವರದಿಯಲ್ಲಿ ಕೇಳಿತ್ತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳೀಮಠರ ಸಮಿತಿ 2003ರ ವರದಿಯಲ್ಲಿ ನೊಂದವರ ಹಕ್ಕಿನ ಬಗ್ಗೆ ಒತ್ತಿ ಹೇಳಿತು. ಆ ವರದಿಯ ಬೇರೆ ಹಲವು ಮಾತು ನಾನು ಒಪ್ಪುವುದಿಲ್ಲ. ಇದನ್ನು ಮಾತ್ರ ಒಪ್ಪುತ್ತೇನೆ. ಅದೇ 2008ರ ತಿದ್ದುಪಡಿಯಲ್ಲಿ ನೊಂದವರಿಗೆ ಅಪೀಲಿನ ಹಕ್ಕೂ ಬಂತು. ಆರೋಪಿ ಬಿಡುಗಡೆಯಾದರೆ ಸರ್ಕಾರ ಅಪೀಲು ಹಾಕಲಿ ಅಂತ ಕಾಯಬೇಕಿಲ್ಲ, ನೀವೇ ಹಾಕಬಹುದು. ಅದಕ್ಕೆ ವಿಶೇಷ ಅನುಮತಿಯೂ ಬೇಡ ಅಂತ ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ, ಕರ್ನಾಟಕದ್ದೇ ಒಂದು ಕೇಸಿನಲ್ಲಿ, ಹೇಳಿತು. ವಕೀಲರ ಫೀಸಿನ ಹೆದರಿಕೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ.

ಈಗ ನನ್ನ ಮೇಜಿನ ಮೇಲೆ ಇರುವ ಕೇಸಿಗೆ ಬರುತ್ತೇನೆ. ಉಳ್ಳಾಲ ಕಡೆಯವರು, ವಯಸ್ಸು ಎಪ್ಪತ್ತರ ಹತ್ತಿರ. ಹಿಂದೆ ಒಂದು ಗಲಾಟೆಯಲ್ಲಿ ಅವರ ಗೂಡಂಗಡಿಗೆ ಬೆಂಕಿ ಹಾಕಿದ್ದರು. ಬಿಡಿಸಲು ಹೋದ ಮಗನ ಬಲಗೈ ಮುರಿಯಿತು, ಇವತ್ತಿಗೂ ಆ ಕೈ ಪೂರ್ತಿ ಮೇಲೆ ಏಳುವುದಿಲ್ಲ. ಆಗ ಸರ್ಕಾರದಿಂದ ಸ್ವಲ್ಪ ದುಡ್ಡು ಬಂದಿತ್ತು. ಈಗ ಆ ಕೇಸು ವಾಪಸ್ ಪಡೆಯುವ ಮಾತು ನಡೆಯುತ್ತಿದೆ.

ಗಲಾಟೆ ಕೇಸು ವಾಪಸ್ ಪಡೆಯುವುದು ಯಾವ ಪಕ್ಷಕ್ಕೂ ಹೊಸತಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 43 ಕೇಸುಗಳನ್ನು ವಾಪಸ್ ಪಡೆಯಲು ಆದೇಶ ಮಾಡಿತ್ತು. ಹೈಕೋರ್ಟು 2025ರ ಮೇ ಕೊನೆಗೆ ಅದನ್ನು ರದ್ದು ಮಾಡಿತು. ಹೊಸ ಸಂಹಿತೆಯ 360ನೇ ಕಲಂನಲ್ಲಿ ಒಂದು ಒಳ್ಳೆಯ ಸಾಲು ಸೇರಿದೆ: ನೊಂದವರ ಮಾತು ಕೇಳದೆ ಕೋರ್ಟು ಕೇಸು ವಾಪಸಿಗೆ ಒಪ್ಪಿಗೆ ಕೊಡುವಂತಿಲ್ಲ. ಹಳೆಯ ಸಂಹಿತೆಯಡಿ ಮುಂದುವರಿಯುತ್ತಿರುವ ಕೇಸುಗಳಿಗೆ ಈ ಸಾಲು ನೇರವಾಗಿ ಅನ್ವಯಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ನೊಂದವರಿಗೆ ಪ್ರತಿ ಹಂತದಲ್ಲೂ ಮಾತಾಡುವ ಹಕ್ಕು ಇದೆ ಅಂತ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ಕೇಸಿನಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಇವರದ್ದು ಹಳೆಯ ಕೇಸು. ಅದನ್ನೇ ಹಿಡಿದು ಕೇಳುತ್ತೇವೆ.

ಇದನ್ನೆಲ್ಲ ವಿವರಿಸಿದ ಮೇಲೆ ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ವಕೀಲರೇ, ನಾನು ಆವಾಗ ದುಡ್ಡು ತೆಗೆದುಕೊಂಡಿದ್ದೇನೆ ಅಲ್ವಾ? ಈಗ ಕೋರ್ಟಿನಲ್ಲಿ ಬೇಡ ಅಂತ ಹೇಳಲಿಕ್ಕೆ ನನಗೆ ಬಾಯಿ ಉಂಟಾ?"

ಉಂಟು ಅಂದೆ. ರಶೀದಿಯಲ್ಲಿ ಅವರು ಸಹಿ ಹಾಕಿದ್ದು ದುಡ್ಡು ಬಂತು ಅಂತ ಮಾತ್ರ. ಕ್ಷಮಿಸಿದ್ದೇನೆ ಅಂತ ಎಲ್ಲೂ ಸಹಿ ಹಾಕಿಲ್ಲ. ಹೇಳಿಕೆ ಬರೆಯಲು ಕಾಗದ ತೆಗೆದೆ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರು. ಆ ದಿನ ಅಂಗಡಿ ಎಷ್ಟು ಗಂಟೆಗೆ ತೆರೆದಿರಿ, ಅಲ್ಲಿಂದ ಶುರು ಮಾಡಿ ಅಂದೆ. ಬೆಳಿಗ್ಗೆ ಆರೂವರೆ ಅಂದರು. ಮಗನೇ ಹಾಲು ತಂದು ಇಟ್ಟಿದ್ದನಂತೆ, ಎರಡೂ ಕೈಯಲ್ಲಿ ಕ್ರೇಟ್ ಎತ್ತಿಕೊಂಡು.