ಮಡಕೆ ಚೂರಿಗೆ ಹಾಲು ಗೊತ್ತು, ಹುರುಳಿ ಗೊತ್ತಿಲ್ಲ

ಪ್ರಶ್ನೆ: ನಾಲ್ಕೈದು ಸಾವಿರ ವರ್ಷ ಹಳೆಯ ಮಡಕೆಯಲ್ಲಿ ಹಾಲು ಇತ್ತು ಅಂತ ಪೇಪರಿನಲ್ಲಿ ಓದಿದೆ. ಸಿಕ್ಕಿದ್ದು ಮಾತ್ರ ಬರೀ ಚೂರು. ಇದೆಲ್ಲ ಸುಮ್ನೆ ಊಹೆ ತಾನೇ?

ಊಹೆ ಅಲ್ಲ. ಮೀನು ಸಾರು ಮಾಡುವ ಮಣ್ಣಿನ ಮಡಕೆಯನ್ನು ಎಷ್ಟೇ ತಿಕ್ಕಿ ತೊಳೆದರೂ ಅದರಲ್ಲಿ ಪಾಯಸ ಮಾಡಲು ಯಾರೂ ಒಪ್ಪುವುದಿಲ್ಲ, ಅಲ್ವಾ? ಅರ್ಧ ಉತ್ತರ ಅಲ್ಲೇ ಇದೆ. ಮಡಕೆಯ ಗೋಡೆ ತುಂಬಾ ಕಣ್ಣಿಗೆ ಕಾಣದ ತೂತುಗಳು. ಅಡುಗೆ ಕುದಿಯುವಾಗ ಜಿಡ್ಡು ಅದರೊಳಗೆ ಇಳಿಯುತ್ತದೆ. ಜಿಡ್ಡು ನೀರಿಗೆ ಕರಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಆ ಸಂದಿ ಸುಲಭವಾಗಿ ಎಟಕುವುದಿಲ್ಲ.

ಲ್ಯಾಬಿನಲ್ಲಿ ಚೂರಿನ ಮೇಲ್ಪದರವನ್ನು ಕೆರೆದು ತೆಗೆಯುತ್ತಾರೆ. ಒಳಗಿನ ಒಂದೆರಡು ಗ್ರಾಂ ಪುಡಿ ಮಾಡಿ, ದ್ರಾವಕ ಹಾಕಿ ಜಿಡ್ಡನ್ನು ಹೊರಗೆಳೆಯುತ್ತಾರೆ. ಯಂತ್ರ ಅದರಲ್ಲಿರುವ ಕೊಬ್ಬಿನ ಆಮ್ಲಗಳನ್ನು ಬೇರೆ ಬೇರೆ ಮಾಡಿ ತೋರಿಸುತ್ತದೆ.

ಅದು ಹಾಲಿನದೋ ಮಾಂಸದ್ದೋ? ನನಗೆ ತುಂಬಾ ಇಷ್ಟವಾದ ಭಾಗ ಇದು. ಇಲ್ಲಿ ನೋಡುವುದು ಎರಡೇ ಆಮ್ಲಗಳನ್ನು: 16 ಕಾರ್ಬನ್ ಪರಮಾಣುಗಳಿರುವುದು ಒಂದು, 18 ಇರುವುದು ಒಂದು. ಹಸುವಿನ ಕೆಚ್ಚಲು 16ರದನ್ನು ತಾನೇ ತಯಾರಿಸಬಲ್ಲದು. 18ರದನ್ನು ತಯಾರಿಸಲು ಅದಕ್ಕೆ ಬರುವುದಿಲ್ಲ. ತಿಂದ ಮೇವಿನಲ್ಲಿದ್ದ ಜಿಡ್ಡಿನಿಂದ ಬಂದದ್ದನ್ನು ರಕ್ತದಿಂದ ಎತ್ತಿಕೊಳ್ಳುತ್ತದೆ. ಈ ಎರಡು ದಾರಿಗಳಲ್ಲಿ ಬರುವ ಕಾರ್ಬನ್ನಿನಲ್ಲಿ ಸಾಮಾನ್ಯ ಕಾರ್ಬನ್ನಿಗಿಂತ ಸ್ವಲ್ಪ ತೂಕ ಹೆಚ್ಚಿರುವ ಕಾರ್ಬನ್-13ರ ಪಾಲು ಒಂದೇ ಇರುವುದಿಲ್ಲ. ಮೈಕೊಬ್ಬಿನಲ್ಲಿ ಆ ವ್ಯತ್ಯಾಸ ಕಡಿಮೆ, ಹಾಲಿನಲ್ಲಿ ಜಾಸ್ತಿ. ಸಾವಿರಕ್ಕೆ 3.3ಕ್ಕಿಂತ ಹೆಚ್ಚು ಬಂದರೆ ಹಾಲು ಅಂತ ಲೆಕ್ಕ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್ಶೆಡ್ ಅವರ ತಂಡ 1998ರಲ್ಲಿ ಈ ದಾರಿ ತೋರಿಸಿತು.

ಪೋಲೆಂಡಿನಲ್ಲಿ ಸುಮಾರು ಏಳು ಸಾವಿರ ವರ್ಷ ಹಳೆಯ, ಜರಡಿಯಂತೆ ತೂತುಗಳಿದ್ದ ಚೂರುಗಳು ಸಿಕ್ಕಿದ್ದವು. ಚೀಸ್ ಸೋಸಲು ಬಳಸಿದ್ದಿರಬೇಕು ಎಂದು ಪುರಾತತ್ವಜ್ಞ ಪೀಟರ್ ಬೊಗುಕಿ 1980ರ ದಶಕದಲ್ಲೇ ಹೇಳಿದ್ದರು. ಆಗ ಅದು ಊಹೆ. 2012ರಲ್ಲಿ ಅದೇ ಚೂರುಗಳಲ್ಲಿ ಹಾಲಿನ ಕೊಬ್ಬು ಸಿಕ್ಕಿತು. ನಮ್ಮ ದೇಶದಲ್ಲಿ ಕಛ್‌ನ ಕೋಟಡಾ ಭಾಡ್ಲಿ ಎಂಬ ಸಿಂಧೂ ನಾಗರಿಕತೆಯ ನೆಲೆಯಿಂದ 59 ಚೂರುಗಳನ್ನು ಪರೀಕ್ಷಿಸಿದರು. ಸುಮಾರು ಕ್ರಿ.ಪೂ. 2500ರ ಹೊತ್ತಿಗೆ ಸಿಂಧೂ ಜನ ಹೈನುಗಾರಿಕೆ ಮಾಡುತ್ತಿದ್ದರು ಎಂದು 2020ರಲ್ಲಿ ಪ್ರಕಟವಾಯಿತು. ನೀವು ಓದಿದ್ದು ಬಹುಶಃ ಇದೇ.

ಆದರೆ ಈ ಜಿಡ್ಡು ಹಸುವೋ, ಎಮ್ಮೆಯೋ, ಆಡೋ ಅಂತ ಹೇಳುವುದಿಲ್ಲ. ಅದಕ್ಕೆ ಅಲ್ಲೇ ಸಿಕ್ಕ ಮೂಳೆ, ಹಲ್ಲು ನೋಡಬೇಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ರಾಗಿ, ಹುರುಳಿ, ಹೆಸರುಕಾಳಿನಲ್ಲಿ ಜಿಡ್ಡು ಬಹಳ ಕಡಿಮೆ. ವರ್ಷಪೂರ್ತಿ ಹುರುಳಿ ಬೇಯಿಸಿ, ಹಬ್ಬಕ್ಕೊಮ್ಮೆ ಮಾಂಸ ಮಾಡಿದರೂ ಮಡಕೆಯಲ್ಲಿ ಎದ್ದು ಕಾಣುವುದು ಮಾಂಸವೇ. ಹರಿಯಾಣ, ಉತ್ತರ ಪ್ರದೇಶದ ಸಿಂಧೂ ನೆಲೆಗಳ ಚೂರುಗಳಲ್ಲಿ ಮಾಂಸದ ಜಿಡ್ಡು ಕಂಡಿತು ಎಂಬ ಸುದ್ದಿ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಮಾಂಸ ತಿನ್ನುತ್ತಿದ್ದರು, ಅದು ನಿಜ. ಬರೀ ಅದನ್ನೇ ತಿನ್ನುತ್ತಿದ್ದರು ಅಂತ ಓದಿಕೊಂಡರೆ ತಪ್ಪು. ಧಾನ್ಯಗಳಲ್ಲಿ ಬರಗು ಮಾತ್ರ ಸ್ವಲ್ಪ ಅದೃಷ್ಟವಂತ. ಅದರಲ್ಲಿ ಮಿಲಿಯಾಸಿನ್ ಎಂಬ ಗುರುತಿನ ವಸ್ತು ಇರುತ್ತದೆ. ಉಳಿದವಕ್ಕೆ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಹರಿಯಾಣದ ಫರ್ಮಾಣಾ ಎಂಬ ಸಿಂಧೂ ನೆಲೆಯಲ್ಲಿ ಅರಿಶಿನ, ಶುಂಠಿ ಸಿಕ್ಕಿದ್ದು ಹಾಗೆ.

ಮಸ್ಕಿ, ಬ್ರಹ್ಮಗಿರಿ ಕಡೆಯವರಾದರೆ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಪುರಾತನ ಮಡಕೆ ಬೋಕಿಗಳನ್ನು ನೀವೂ ಕಂಡಿರಬಹುದು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಸಿಗದೆ ಹಾಗೆ ಕಪ್ಪಾಗುತ್ತದೆ. ಅಂಥದ್ದು ಕಂಡರೆ ಅಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಪ್ಲಾಸ್ಟಿಕ್ ಕವರಿಗಂತೂ ಹಾಕಲೇಬೇಡಿ. ಪ್ಲಾಸ್ಟಿಕ್ಕಿನ ರಾಸಾಯನಿಕ, ನಮ್ಮ ಬೆರಳಿನ ಜಿಡ್ಡು ಎರಡೂ ಆಮೇಲೆ ಲ್ಯಾಬಿನ ಯಂತ್ರದಲ್ಲಿ ಕಾಣಿಸಿಕೊಳ್ಳುತ್ತವೆ.