ಸಿಡಿಮದ್ದಿನ ಬರದಲ್ಲಿ ಹುಟ್ಟಿದ ನೌಕಾಪಡೆ

1775ರ ಆಗಸ್ಟ್‌ನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂಡೆದ್ದ ಅಮೆರಿಕದ ವಸಾಹತುಗಳ ಸೇನಾಪತಿ ಜಾರ್ಜ್ ವಾಷಿಂಗ್ಟನ್ ತನ್ನ ಪಡೆಯ ಸಿಡಿಮದ್ದಿನ ಲೆಕ್ಕ ಹಾಕಿಸಿದ. ಒಬ್ಬ ಸೈನಿಕನಿಗೆ ಸುಮಾರು ಒಂಬತ್ತು ಸುತ್ತು ಗುಂಡು ಹಾರಿಸುವಷ್ಟು, ಅಷ್ಟೇ. ಎದುರಿಗೆ ಬಾಸ್ಟನ್‌ನಲ್ಲಿದ್ದ ಬ್ರಿಟಿಷರಿಗೋ ಗುಂಡು, ಬಂದೂಕು, ಆಹಾರ ಎಲ್ಲವೂ ಹಡಗಿನಲ್ಲಿ ಬಂದಿಳಿಯುತ್ತಿತ್ತು.

ನೌಕಾಪಡೆ ಬೇಕೆಂದು ಮೊದಲು ಬಾಯಿಬಿಟ್ಟು ಕೇಳಿದ್ದು ರೋಡ್ ಐಲೆಂಡ್ ಎಂಬ ಪುಟ್ಟ ವಸಾಹತು. ಬ್ರಿಟಿಷರ ‘ರೋಸ್’ ಎಂಬ ಯುದ್ಧನೌಕೆ ಅದರ ಕೊಲ್ಲಿಯಲ್ಲೇ ಠಿಕಾಣಿ ಹೂಡಿ ವ್ಯಾಪಾರದ ಹಡಗುಗಳನ್ನು ಹಿಡಿಯುತ್ತಿತ್ತು. ಕಡಲನ್ನೇ ನಂಬಿದ ಜನಕ್ಕೆ ಅದು ಅನ್ನದ ಪ್ರಶ್ನೆ. ಎಲ್ಲ ವಸಾಹತುಗಳೂ ಸೇರಿ ಖರ್ಚು ಹೊತ್ತು ನೌಕಾಪಡೆ ಕಟ್ಟಬೇಕೆಂದು ಅಲ್ಲಿನ ಶಾಸನಸಭೆ ಆಗಸ್ಟ್ 26ರಂದು ನಿರ್ಣಯಿಸಿತು.

ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದ ವಸಾಹತುಗಳ ಪ್ರತಿನಿಧಿ ಸಭೆ, ಅಂದರೆ ಕಾಂಗ್ರೆಸ್, ಈ ಬೇಡಿಕೆಯನ್ನು ಚರ್ಚೆಗೆ ತೆಗೆದುಕೊಂಡಾಗ, ಮೇರಿಲ್ಯಾಂಡ್‌ನ ಸ್ಯಾಮ್ಯುಯೆಲ್ ಚೇಸ್ ಇದಕ್ಕಿಂತ ಹುಚ್ಚು ಯೋಚನೆ ಲೋಕದಲ್ಲೇ ಇಲ್ಲ ಎಂದ. ಇಡೀ ಖಂಡವನ್ನು ಅಡವಿಡಬೇಕಾದೀತು ಎಂದ. ವರ್ಜೀನಿಯಾದ ಜಾರ್ಜ್ ವಿದ್ ನೌಕಾಪಡೆಯ ಪರ ನಿಂತು, ಕಾರ್ತೇಜ್ ಯುದ್ಧದಲ್ಲಿ ರೋಮನ್ನರು ದಿಢೀರನೆ ನೌಕಾಪಡೆ ಕಟ್ಟಿದ್ದನ್ನು ನೆನಪಿಸಿದ. ಆದರೆ ಅಳುಕಿಗೆ ದುಡ್ಡೊಂದೇ ಕಾರಣವಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಇದೇ ಕಾಂಗ್ರೆಸ್ ರಾಜಿಗಾಗಿ ಬ್ರಿಟಿಷ್ ದೊರೆಗೆ ಮನವಿ ಕಳಿಸಿದ್ದು ಅದೇ ವರ್ಷದ ಜುಲೈನಲ್ಲಿ. ಮನೆ ಕಾಯಲು ಬಂದೂಕು ಹಿಡಿದೆವು ಎಂದು ಹೇಳಿಕೊಳ್ಳಬಹುದು. ಕಡಲಿಗಿಳಿಯುವ ಯುದ್ಧನೌಕೆಗೆ ಯಾರ ಬಾವುಟ ಕಟ್ಟುವುದು?

ಈ ಕಗ್ಗಂಟನ್ನು ಸಡಿಲಿಸಿದ್ದು ಒಂದು ಸುದ್ದಿ. ಆಯುಧ, ಮದ್ದು ತುಂಬಿದ ಎರಡು ಹಡಗುಗಳು ಕಾವಲಿಲ್ಲದೆ ಇಂಗ್ಲೆಂಡಿನಿಂದ ಕ್ವಿಬೆಕ್‌ಗೆ ಹೊರಟಿವೆಯಂತೆ! ಬ್ರಿಟಿಷ್ ನೌಕಾಪಡೆಯನ್ನು ಸೋಲಿಸಬಹುದೇ ಎಂದು ಕೇಳುತ್ತಿದ್ದವರು, ಈ ಎರಡನ್ನು ಹಿಡಿಯಬಹುದೇ ಎಂದು ಕೇಳತೊಡಗಿದರು. ಅಕ್ಟೋಬರ್ 13ರಂದು 10 ಫಿರಂಗಿ, 80 ಜನರ ಒಂದು ವೇಗದ ಹಡಗನ್ನು ಮೂರು ತಿಂಗಳ ಬೇಟೆಗೆ ಸಜ್ಜುಗೊಳಿಸಲು, ಇನ್ನೊಂದನ್ನು ಸಿದ್ಧಪಡಿಸಲು ಕಾಂಗ್ರೆಸ್ ಒಪ್ಪಿತು. ಅಮೆರಿಕದ ನೌಕಾಪಡೆ ತನ್ನ ಹುಟ್ಟುಹಬ್ಬ ಆಚರಿಸುವುದು ಇದೇ ದಿನ. ಸ್ವಾತಂತ್ರ್ಯ ಘೋಷಣೆಗೆ ಇನ್ನೂ ಒಂಬತ್ತು ತಿಂಗಳಿತ್ತು.

ಚೇಸ್ ಹೆದರಿದ್ದು ಸುಳ್ಳೇನಲ್ಲ. ಡಿಸೆಂಬರ್‌ನಲ್ಲಿ ಮಂಜೂರಾದ 13 ಫ್ರಿಗೇಟು ಎಂಬ ದೊಡ್ಡ ಯುದ್ಧನೌಕೆಗಳಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಒಂದೂ ಕೈಯಲ್ಲುಳಿಯಲಿಲ್ಲ. ಕೆಲವು ಸೆರೆಯಾದವು, ಕೆಲವನ್ನು ತಾವೇ ಸುಟ್ಟರು. ಫಲ ಕೊಟ್ಟದ್ದು ಸಣ್ಣ ಹಡಗುಗಳು. ಕಾಂಗ್ರೆಸ್ಸಿಗೆ ಕಾಯದೆ ವಾಷಿಂಗ್ಟನ್ ತಾನೇ ಸಜ್ಜುಮಾಡಿಸಿದ್ದ ಸ್ಕೂನರು ಎಂಬ ಸಣ್ಣ ಹಾಯಿಹಡಗುಗಳಲ್ಲಿ ಒಂದಾದ ‘ಲೀ’, ನವೆಂಬರ್ ಕೊನೆಯಲ್ಲಿ ‘ನ್ಯಾನ್ಸಿ’ ಎಂಬ ಬ್ರಿಟಿಷ್ ಸರಕು ಹಡಗನ್ನು ಹಿಡಿಯಿತು. ಒಳಗೆ 2,000 ಬಂದೂಕು, 13 ಇಂಚು ಬಾಯಿಯ ಒಂದು ಹಿತ್ತಾಳೆ ಫಿರಂಗಿ! ಅದು ಬಾಸ್ಟನ್ ಪಕ್ಕದ ಕೇಂಬ್ರಿಜ್ ಎಂಬ ಊರಿನಲ್ಲಿದ್ದ ವಾಷಿಂಗ್ಟನ್ ಶಿಬಿರ ತಲುಪಿದಾಗ ಅವನ ಪಡೆಯ ಜನರಲ್ ಪಟ್ನಮ್ ರಮ್ ಬಾಟಲಿ ಹಿಡಿದು ಅದರ ಮೇಲೇರಿ ಕೂತ. ಫಿರಂಗಿಗೆ ‘ಕಾಂಗ್ರೆಸ್’ ಎಂದು ಹೆಸರಿಟ್ಟರು.